ಬೀಗರ ಊರಿನ ಡಾಕ್ಟರು

ಸಾಂಕ್ರಾಮಿಕ ರೋಗಗಳ ಪಾಠ ಶುರುವಾದ ಮೊದಲ ದಿನವೇ ನಮ್ಮ ಸರ್ ಒಂದು ಮಾತು ಹೇಳಿದ್ದರು.

"ಜ್ವರದ ಪೇಷಂಟ್ ಮುಂದ ನಿಂತಾಗ ಸ್ಟೆತಸ್ಕೋಪಿಗೆ ಅವಸರ ಮಾಡಬ್ಯಾಡ್ರಿ. ಮೊದಲ ಮಾತಾಡಸ್ರಿ. ಎಲ್ಲಿ ಇರತಾರ, ಏನ್ ತಿಂತಾರ, ಏನ್ ಮುಟ್ಟತಾರ, ಎಲ್ಲಾ ಕೇಳ್ರಿ. ಅರ್ಧ ರೋಗ ಮಾತಿನಾಗ ಸಿಗತೈತಿ."

ತರಗತಿಯಲ್ಲಿ ಎಲ್ಲರ ಮುಖ ಸಪ್ಪಗಾಯಿತು. ನಾನೊಬ್ಬಳೇ ಒಳಗೊಳಗೇ ಹಿಗ್ಗಿದೆ. ಯಾಕೆಂದರೆ ಮಾತಾಡಿಸುವ ವಿದ್ಯೆ ನಮ್ಮ ಮನೆಯಲ್ಲಿ ಪಿತ್ರಾರ್ಜಿತ. ನಮ್ಮವ್ವ ಚಿಕ್ಕೋಡಿಯಲ್ಲಿ ಬಸ್ ಹತ್ತಿದರೆ ರಾಯಬಾಗ ಬರುವಷ್ಟರಲ್ಲಿ ಪಕ್ಕದ ಸೀಟಿನವರ ಮೂರು ತಲೆಮಾರಿನ ಕಥೆ ತಿಳಿದುಕೊಂಡಿರುತ್ತಾಳೆ. ಅಂಥವಳ ಮಗಳು ನಾನು. ಉಗಾರ ಬುದ್ರುಕದವಳು, ಬೆಳಗಾವಿಯಲ್ಲಿ ಡಾಕ್ಟರಿಕೆ ಓದುತ್ತಿರುವವಳು. ನಮ್ಮ ವಾರ್ಡಿಗೆ ಬರುವ ಮಂದಿ ಬಹಳಷ್ಟು ನಮ್ಮ ಕಡೆಯವರೇ. ಇನ್ನೇನು ಬೇಕು?

ನನ್ನ ರೂಮಿನ ಗೆಳತಿ ವೈದೇಹಿಯ ಪಾಡು ಮಾತ್ರ ಕೆಟ್ಟಿತ್ತು. ಅವಳು ಮೈಸೂರಿನವಳು. ಪೇಷಂಟ್ "ಡುಬ್ಬ ಹಿಡದೈತ್ರಿ" ಎಂದರೆ ಅವಳು ಪೇಷಂಟಿನ ಮುಖ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ನಾನು ದೊಡ್ಡ ಮನಸ್ಸು ಮಾಡಿ, "ಬೆನ್ನು ಕಣೇ, ಬೆನ್ನು" ಎಂದು ಅನುವಾದ ದಯಪಾಲಿಸುತ್ತಿದ್ದೆ. ಇವಳು ಹೇಗೆ ಡಾಕ್ಟರಾಗುತ್ತಾಳೋ ಎಂದು ಮರುಕವೂ ಆಗುತ್ತಿತ್ತು.

ಹೀಗಿರುವಾಗ ಜುಗೂಳದಿಂದ ಅಕ್ಕಾತಾಯಿ ಎಂಬ ಹೆಂಗಸು ವಾರ್ಡಿಗೆ ಬಂದು ಮಲಗಿದರು. ದೀಪಾವಳಿಗೆ ಹಿಡಿದ ಜ್ವರ ಸಂಕ್ರಾಂತಿ ಕಳೆದರೂ ಬಿಟ್ಟಿರಲಿಲ್ಲ. ಕಾಗವಾಡದಲ್ಲಿ ತೋರಿಸಿ, ಚಿಕ್ಕೋಡಿಯಲ್ಲಿ ತೋರಿಸಿ, ಸಲೈನು ಹಚ್ಚಿಸಿಕೊಂಡು, ಸುಸ್ತಾಗಿ ಇಲ್ಲಿಗೆ ಬಂದಿದ್ದರು. ಮಲೇರಿಯಾ ಇಲ್ಲ, ಟೈಫಾಯ್ಡ್ ಇಲ್ಲ. ಮನುಷ್ಯೆ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದರು.

"ಈ ತಾಯಿ ಭಾಳ ದಿನದಿಂದ ನರಳಾಕತ್ತಾಳ" ಎಂದರು ಸರ್. "ಕಾರಣ ಸಿಗಲಿಲ್ಲಂದ್ರ ಬರೇ ಅಂದಾಜಿನ ಮ್ಯಾಲ ಔಷಧ ಸುರು ಮಾಡಬೇಕಾಗತೈತಿ. ಅದು ನನಗ ಮನಸ್ಸಿಲ್ಲ. ನಾಳೆ ಈ ಕೇಸ್ ಯಾರು ಹೇಳತೀರಿ?"

ಸರ್ ಮಾತು ಮುಗಿಯುವ ಮೊದಲೇ ನನ್ನ ಕೈ ಮೇಲಿತ್ತು. "ಸರ್, ನಮ್ಮ ಕಡೇದವರು. ನಾನು ಮಾಡತೀನ್ರಿ."

ಮಧ್ಯಾಹ್ನ ಬಿಳಿ ಕೋಟು ತೊಟ್ಟು, ಪೆನ್ನು ಹಿಡಿದು, ಮುಖದಲ್ಲಿ ತಕ್ಕಷ್ಟು ಗಾಂಭೀರ್ಯ ತಂದುಕೊಂಡು ಅಕ್ಕಾತಾಯಿಯವರ ಮಂಚದ ಹತ್ತಿರ ಹೋದೆ. ಅವರ ಗಂಡ ಅಪ್ಪಾಸಾಹೇಬ ಕಾಕಾ ಸ್ಟೂಲಿನ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕಾತಾಯಿ ಕೇಳಿದರು.

"ಯಾವೂರವಾ ನಿಂದು? ಮಾತಾಡೂದು ಕೇಳಿದ್ರ ನಮ್ಮ ಕಡೇದಾಕಿ ಅನಸ್ತೈತಿ."

"ಉಗಾರ ಬುದ್ರುಕ, ಮಾವಶಿ."

"ಉಗಾರ? ಯಾರ ಪೈಕಿ?"

ಹೇಳಿದೆ. ಅಪ್ಪನ ಹೆಸರು ಹೇಳಿದೆ, ಅಜ್ಜನ ಹೆಸರು ಹೇಳಿದೆ, ಅವ್ವನ ತವರು ಹೇಳಿದೆ, ಮನೆ ಯಾವ ಓಣಿಯಲ್ಲಿದೆ, ಓಣಿಯ ತುದಿಗೆ ಏನಿದೆ ಎಲ್ಲಾ ಹೇಳಿದೆ. ಅಷ್ಟು ಸಮಗ್ರವಾದ ವಿಚಾರಣೆಯನ್ನು ನಮ್ಮ ಪಠ್ಯಪುಸ್ತಕ ಬರೆದವರೂ ಮಾಡಿರಲಾರರು. ತೊಂದರೆ ಇಷ್ಟೇ, ವಿಚಾರಣೆ ಮಾಡುತ್ತಿದ್ದವರು ಪೇಷಂಟು.

ಕೊನೆಗೆ ಸಂಗತಿ ಬಯಲಾಯಿತು. ಅಕ್ಕಾತಾಯಿಯವರ ಒಬ್ಬಳೇ ಮಗಳು ಸುನಂದಾಳನ್ನು ಕೊಟ್ಟದ್ದು ನಮ್ಮೂರಿಗೆ, ನಮ್ಮ ಮನೆಯ ಹಿಂದಿನ ಓಣಿಗೆ! ಅವಳ ಅತ್ತೆ ಶಾಂತಾಬಾಯಿಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಸುನಂದಾ ಈಗ ತುಂಬಿದ ಬಸುರಿ, ಚೊಚ್ಚಲ ಬಾಣಂತನಕ್ಕೆ ಜುಗೂಳಕ್ಕೆ ಬಂದಿದ್ದಾಳೆ.

ಅದನ್ನು ಹೇಳಿದ ಮರುಕ್ಷಣವೇ ಅಕ್ಕಾತಾಯಿಯವರಲ್ಲಿ ಒಂದು ಬದಲಾವಣೆ ಆಯಿತು. ಮಲಗಿದ್ದವರು ಎದ್ದು ಕೂತರು. ಸೆರಗು ತಲೆಯ ಮೇಲೆ ಹೊದ್ದರು. ಗಂಡನತ್ತ ತಿರುಗಿ, "ಸುಮ್ನ ಕುಂತೀರೇನು? ಬೀಗರ ಊರಿನ ಮಗಳು ಬಂದಾಳ. ಹೋಗಿ ಚಾ ತಗೊಂಬರ್ರಿ" ಎಂದರು. ಚಹಾ ಬಂತು, ಬಿಸ್ಕೀಟು ಬಂತು. ಪೇಷಂಟಿಗೆಂದು ಇಟ್ಟಿದ್ದ ಬಾಳೆಹಣ್ಣನ್ನೂ ಸುಲಿದು ನನ್ನ ಕೈಗೆ ಕೊಟ್ಟರು. ಪೇಷಂಟಿನ ವಿಶ್ವಾಸ ಗಳಿಸಿಕೊಳ್ಳಬೇಕು ಎಂದು ಪುಸ್ತಕದಲ್ಲಿ ಬರೆದಿತ್ತು. ನಾನು ಬಾಳೆಹಣ್ಣು ತಿನ್ನುತ್ತ, ಎಷ್ಟು ಬೇಗ ಗಳಿಸಿಬಿಟ್ಟೆನಲ್ಲ ಎಂದುಕೊಂಡೆ.

"ಈಗ ಹೇಳ್ರಿ ಮಾವಶಿ, ಏನ್ ತ್ರಾಸ ಐತಿ?"

"ತ್ರಾಸ ಏನೂ ಇಲ್ಲವಾ. ಆರಾಮ ಅದೀನಿ."

"ಜ್ವರ?"

"ಬರತಾವ, ಹೋಗತಾವ. ದೊಡ್ಡವೇನಲ್ಲ."

"ಬೆವರ ಬರತೈತೇನ್ರಿ?"

"ಬೆವರ ಮನಶ್ಯಾರಿಗೆ ಬರೂದ ಅಲ್ಲೇನು?"

"ಮೈಕೈ ನೋವು?"

"ದುಡದ ಮೈ. ಏನೂ ಇಲ್ಲ."

"ಊಟ?"

"ಹೊಟ್ಟಿ ತುಂಬ ಉಂಡೀನಿ." ಮಂಚದ ಕೆಳಗೆ ಮುಟ್ಟದೇ ಇದ್ದ ಊಟದ ತಟ್ಟೆ ನನಗೆ ಕಾಣುತ್ತಿತ್ತು. ಅದು ಪಕ್ಕದ ಪೇಷಂಟಿನದಿರಬೇಕು ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ.

ಮುಂದೆ ಮನೆಯ ಪರಿಸರದ ಪ್ರಶ್ನೆಗಳು. ಇಲಿ ಇವೆಯಾ ಎಂದು ಕೇಳಿದೆ.

"ನಮ್ಮನ್ಯಾಗ ಇಲಿ?" ಎಂದು ಅವರು ನನ್ನನ್ನು ನೋಡಿದ ರೀತಿಗೆ ಆ ಪ್ರಶ್ನೆ ಕೇಳಿದ್ದಕ್ಕೆ ಕ್ಷಮೆ ಕೇಳಿಕೊಂಡೆ.

"ಎಮ್ಮಿ ಅದಾವೇನ್ರಿ?"

"ಅದಾವ. ಅಗದೀ ಲಕ್ಷ್ಮಿಯಂಥಾವು. ನಾನ ನೋಡ್ಕೋತೀನಿ."

"ಅವಕ್ಕ ಏನರೆ ಬ್ಯಾನಿ?"

"ನಮ್ಮ ಎಮ್ಮಿಗೆ ಎಲ್ಲೀ ಬ್ಯಾನಿ? ಹಾಲ ಬಿಂದಿಗಿಗಟ್ಟಲೆ ಕೊಡತಾವ. ನಿಮ್ಮ ಓಣ್ಯಾಗ ಕೇಳಿದ್ರ ಹಂಗ ಹೇಳ ಮತ್ತ."

"ಹಸಿ ಹಾಲ ಕುಡಿತೀರೇನು?"

"ಛೇ ಛೇ. ಕಾಸಿನ ಕುಡಿತೇವಿ."

ಅಪ್ಪಾಸಾಹೇಬ ಕಾಕಾ ಏನೋ ಹೇಳಲು ಬಾಯಿ ತೆರೆದರು. ಅಕ್ಕಾತಾಯಿ ಅವರತ್ತ ಒಮ್ಮೆ ನೋಡಿದರು. ಕಾಕಾ ತೆರೆದ ಬಾಯಿಗೆ ಒಂದು ಬಿಸ್ಕೀಟು ಹಾಕಿಕೊಂಡರು. ಅದೂ ನನ್ನ ಕಣ್ಣಿಗೆ ಬಿತ್ತು. ಕಣ್ಣಿಗೆ ಬೀಳುವುದಕ್ಕೂ ತಲೆಗೆ ಹೋಗುವುದಕ್ಕೂ ನನ್ನಲ್ಲಿ ದೂರ ಬಹಳ.

ಬೇರೆ ಊರಿಗೆ ಪ್ರಯಾಣ ಮಾಡಿದ್ದುಂಟೋ ಎಂದು ಕೇಳಿದ್ದಕ್ಕೆ ಮಾತ್ರ ಒಂದು ಹೌದು ಸಿಕ್ಕಿತು. ಹೊಳೆ ದಾಟಿ ಆಚೆ ದಂಡೆಯಲ್ಲಿರುವ ಪಕ್ಕದ ರಾಜ್ಯದ ಸಂತೆಗೆ ಹೋಗಿ ಬರುತ್ತಾರಂತೆ. ನಾನು ಕೂಡಲೇ ಬರೆದುಕೊಂಡೆ: ಪದೇ ಪದೇ ಅಂತರರಾಜ್ಯ ಪ್ರಯಾಣ.

ಸಂಜೆ ಆ ಹುರುಪಿನಲ್ಲಿ ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ಸುನಂದಾನ ಅವ್ವ ನನ್ನ ಪೇಷಂಟ್! ಗಾಬರಿ ಆಗಬ್ಯಾಡ, ಆರಾಮ ಅದಾರ." ಆರಾಮ ಇದ್ದಾರೆ ಎಂದು ಹೇಳಿದರೆ ಯಾರಿಗೇನು ಕೇಡು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮರುದಿನ ಬೆಳಿಗ್ಗೆ ಸರ್ ಮುಂದೆ, ಇಡೀ ಬ್ಯಾಚಿನ ಮುಂದೆ ನನ್ನ ಕೇಸ್ ಮಂಡನೆ ಶುರುವಾಯಿತು. ಸರ್ ಕೇಳುತ್ತ ಹೋದರು, ನಾನು ಇಲ್ಲ ಇಲ್ಲ ಎನ್ನುತ್ತ ಹೋದೆ. ನೋವು ಇಲ್ಲ. ಬೆವರು ವಿಶೇಷವಿಲ್ಲ. ಊಟ ಚೆನ್ನಾಗಿದೆ. ದನಕರು ಆರೋಗ್ಯ. ಇಲಿ ಇಲ್ಲ.

"ಅಂದ್ರ ಪೇಷಂಟ್ ಹೆಂಗ ಅದಾಳ?"

"ಆರಾಮ ಅದಾರ್ರಿ ಸರ್."

"ಹಂಗಿದ್ರ ಮಂಚದ ಮ್ಯಾಲ ನಾನು ಮಲಗೋದು ಬರೋಬ್ಬರಿ ಕಾಣತೈತಿ" ಎಂದರು ಸರ್. ಬ್ಯಾಚಿನವರು ನಕ್ಕರು. "ಹೋಗಲಿ, ನಿನ್ನ ಪ್ರಕಾರ ಏನ್ ರೋಗ?"

ಪುಸ್ತಕದ ಪ್ರಕಾರ ಎಲ್ಲಾ ರೋಗಗಳೂ ಹೊಡೆದುಹೋಗಿದ್ದವು. ಅಂತರರಾಜ್ಯ ಪ್ರಯಾಣದ ಎಳೆ ಹಿಡಿದು ನೋಡಿದೆ. ಆಚೆ ದಂಡೆಯಲ್ಲೂ ನಮ್ಮ ಸೊಳ್ಳೆಗಳೇ ಇರುತ್ತವೆ ಎಂದು ಸರ್ ಅದನ್ನೂ ಕತ್ತರಿಸಿದರು. ಉಳಿದದ್ದು ಒಂದೇ ದಾರಿ. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಸರ್, ಇದು ಮನಸ್ಸಿನ ಜ್ವರ ಇರಬಹುದ್ರಿ."

ಸರ್ ಮಂಚಕ್ಕೆ ತೂಗುಹಾಕಿದ್ದ ಜ್ವರದ ಚಾರ್ಟು ನೋಡಿದರು. ಗೆರೆ ಗುಡ್ಡ ಹತ್ತಿ ಇಳಿದು ಮತ್ತೆ ಹತ್ತಿತ್ತು. "ಥರ್ಮಾಮೀಟರಿಗೂ ಮನಸ್ಸು ಇರತೈತೇನವಾ?" ಎಂದು ಬಹಳ ಮೆತ್ತಗೆ ಕೇಳಿದರು. ಗದರಿದ್ದರೆ ಒಳ್ಳೆಯದಿತ್ತು.

ಆಮೇಲೆ ವೈದೇಹಿಯತ್ತ ತಿರುಗಿದರು. "ನೀ ಹೋಗಿ ಕೇಳ್ಕೊಂಡ ಬಾ."

ವೈದೇಹಿ ಬೆದರಿದಳು. "ಸರ್, ನಂಗೆ ಅವರ ಮಾತೇ ಅರ್ಥ ಆಗಲ್ಲ."

"ಅದಕ್ಕ ಹೋಗು ಅಂದೆ."

ನನಗೆ ತಡೆಯಲಾಗಲಿಲ್ಲ. ಪಕ್ಕದ ಮಂಚದ ಹಸಿರು ಪರದೆಯ ಹಿಂದೆ ನಿಂತು ಕಿವಿಗೊಟ್ಟೆ. ಪಾಪ, ಅವಳಿಗೆ ಅನುವಾದ ಬೇಕಾದರೆ ಇರಲಿ ಎಂಬ ಸದುದ್ದೇಶವೂ ಇತ್ತು.

"ಅಮ್ಮಾ, ನಿಮಗೆ ಏನು ತೊಂದರೆ ಆಗ್ತಿದೆ?" ಎಂದಳು ವೈದೇಹಿ.

"ಯಾವೂರವಾ?"

"ಮೈಸೂರು."

"ಹೋ, ಅಷ್ಟ ದೂರ" ಎಂದ ಅಕ್ಕಾತಾಯಿ ನಿಟ್ಟುಸಿರು ಬಿಟ್ಟು ದಿಂಬಿಗೆ ಒರಗಿದರು. "ನಿನ್ನ ಮುಂದ ಹೇಳತೀನಿ ತಂಗಿ. ಜೀವ ಹೋಗಾಕತ್ತೈತಿ ನಂದು. ಸಂಜಿ ಆತಂದ್ರ ನಡಗಿ ಜ್ವರ ಬರತಾವ. ಬೆವತು ಸೆರಗ ಹಿಂಡಿದ್ರ ನೀರ ಸುರೀತೈತಿ. ಡುಬ್ಬ ಹಿಡದು ಕುಂದ್ರಾಕ ಆಗವಲ್ದು. ಒಂದ ತುತ್ತ ಒಳಗ ಹೋಗವಲ್ದು."

"ಮನೆಯಲ್ಲಿ ದನಗಳು ಇವೆಯಾ?"

"ಎಮ್ಮಿ ಅದಾವ. ಆ ಎಮ್ಮೀದ ಚಿಂತಿ. ಕಂದ ಹಾಕಿದ್ವು."

"ಅಂದರೆ?"

ಆ "ಅಂದರೆ" ಎಂಬುದನ್ನು ನಾನು ಎಂದೂ ಕೇಳುತ್ತಿರಲಿಲ್ಲ. ನನಗೆ ಎಲ್ಲಾ ಗೊತ್ತಿತ್ತಲ್ಲ. ಅಕ್ಕಾತಾಯಿ ಚಿಕ್ಕ ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು. "ದಿನ ತುಂಬೂಕಿಂತ ಮೊದಲ ಕರ ಬಿದ್ದೂತವಾ, ಸತ್ತಿದ್ದು. ಒಂದರದಲ್ಲ, ಇನ್ನೊಂದರದೂ ಹಂಗ ಆತು. ಕರದ ಹಿಂದ ಬೀಳೂ ಮಾಸ ಬೀಳವಲ್ದಾಗಿತ್ತು. ನಾನ ಕೈ ಹಾಕಿ ತಗದೆ, ಬರೇ ಕೈಲೆ. ಅದಾದ ಮ್ಯಾಲ ನನಗ ಜ್ವರ ಸುರು ಆದ್ವು."

"ಹಾಲು ಕಾಯಿಸಿ ಕುಡೀತೀರಾ ಅಮ್ಮ?"

"ಇವರಿಗೆ ಕರದ ಕೂಡಲೇ ನೊರಿಹಾಲ ಬೇಕು. ನನಗೂ ಅದ ರೂಢಿ. ಬಸರಿ ಮಗಳೂ ಈಗ ಅದನ್ನ ಕುಡಿತಾಳ, ಛಲೋ ಅಂತ." ಆಮೇಲೆ ದನಿ ತಗ್ಗಿಸಿದರು. "ಆ ಉಗಾರದ ಹುಡುಗಿ ಮುಂದ ಮಾತ್ರ ಹೇಳಬ್ಯಾಡ ತಂಗಿ. ಬೀಗರಿಗೆ ತಿಳೀತಂದ್ರ, ಅವರ ಮನಿ ನೆಟ್ಟಗಿಲ್ಲ, ಸೊಸಿ ಅಲ್ಲಿ ಹಡಿಯೂದು ಬ್ಯಾಡ ಅಂತ ಕರಕೊಂಡ ಹೋಗತಾರ. ಮಗಳ ಚೊಚ್ಚಲ ಬಾಣಂತನ ನಾ ಮಾಡಲಿಲ್ಲಂದ್ರ ಹೆಂಗ ಬದಕಲಿ?"

ನಮ್ಮ ಕಡೆಯವರು ಅಪರಿಚಿತರಿಗೆ ಹೃದಯ ಬಿಚ್ಚಿ ತೋರಿಸುತ್ತಾರೆ, ಬೀಗರ ಊರಿನ ಬೆಕ್ಕಿಗೂ ಮನೆಯ ಕಷ್ಟ ಹೇಳುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಬೀಗರ ಊರವರು ಬಂದಾಗ ನಮ್ಮ ಮನೆಯಲ್ಲೂ ಒಡೆದ ಕಪ್ಪುಗಳು ಒಳಗೆ ಹೋಗಿ, ಮದುವೆಯಲ್ಲಿ ಬಂದ ಕಪ್ಪುಗಳು ಹೊರಗೆ ಬರುತ್ತವೆ. ಬಿಳಿ ಕೋಟು ಹಾಕಿದರೆ ನಾನು ಬೀಗರ ಊರಿನವಳಲ್ಲ, ಡಾಕ್ಟರು ಎಂದು ಭಾವಿಸಿದ್ದೆ. ಕೋಟು ನನಗಷ್ಟೇ ಕಾಣುತ್ತಿತ್ತು.

ವೈದೇಹಿ ಬಂದು ಹೇಳಿದ್ದನ್ನು ಕೇಳಿದ ಸರ್ ಕುರ್ಚಿ ಬಿಟ್ಟು ಎದ್ದರು. ಬ್ರುಸೆಲ್ಲೋಸಿಸ್ ಎಂದರು. ಕಂದು ಹಾಕಿದ ದನದಿಂದ, ಹಸಿ ಹಾಲಿನಿಂದ ಮನುಷ್ಯರಿಗೆ ಅಂಟುವ ಜ್ವರ. ಹುಡುಕಿದರೆ ಸಿಗುತ್ತದೆ, ಔಷಧಕ್ಕೆ ಬಗ್ಗುತ್ತದೆ, ಬಸುರಿಯರಿಗೆ ಮಾತ್ರ ಒಳ್ಳೆಯದಲ್ಲ. ರಕ್ತ ಪರೀಕ್ಷೆಗೆ ಹೋಯಿತು. ಜುಗೂಳಕ್ಕೆ ಫೋನ್ ಹೋಯಿತು: ಸುನಂದಾ ಕೊಟ್ಟಿಗೆ ಕಡೆ ಹಾಯಬಾರದು, ಹಾಲು ಉಕ್ಕುವ ತನಕ ಕಾಯಿಸಬೇಕು, ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು.

ಇಲ್ಲಿಗೆ ನನ್ನ ಸಾಧನೆ ಮುಗಿದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಭೇಟಿಯ ಹೊತ್ತಿಗೆ ಡಬ್ಬಿ ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ಶಾಂತಾಬಾಯಿ ಪ್ರತ್ಯಕ್ಷರಾದರು. ನಾನು ಅವ್ವನಿಗೆ ಹೇಳಿದ್ದೆ, ಅವ್ವ ಹಿಂದಿನ ಓಣಿಗೆ ಹೇಳಿದ್ದಳು, ಅವರು ಮೊದಲ ಬಸ್ಸಿಗೇ ಹೊರಟು ಬಂದಿದ್ದರು.

ಅಕ್ಕಾತಾಯಿ ಧಡಕ್ಕನೆ ಎದ್ದು ಕೂತು ಸೆರಗು ಹೊದ್ದರು. "ಬರ್ರಿ ಅಕ್ಕಾರ. ನನಗ ಏನಾಗೈತಿ? ಆರಾಮ ಅದೀನಿ" ಎಂದರು. ಎನ್ನುತ್ತ ನನ್ನತ್ತ ಒಂದು ಸಲ ನೋಡಿದರು. ಸಿಟ್ಟಲ್ಲ, ಭಯ. ಆ ನೋಟವನ್ನು ನಾನು ಈಗಲೂ ಮರೆತಿಲ್ಲ.

ಕೆಟ್ಟದ್ದನ್ನು ಸರಿಪಡಿಸುವುದು ನನ್ನ ಕರ್ತವ್ಯ ಎನಿಸಿತು. ಮುಂದೆ ಬಂದು, ಗಟ್ಟಿ ದನಿಯಲ್ಲಿ ಘೋಷಿಸಿದೆ: "ಹೌದ್ರಿ ಅತ್ತಿ, ಮಾವಶಿಗೆ ಏನೂ ಆಗಿಲ್ಲ. ಎಮ್ಮಿ ಕಂದ ಹಾಕ್ಯಾವ ಅನ್ನೂದೆಲ್ಲಾ ಸುಳ್ಳು."

ಯಾರೂ ಎಮ್ಮೆಯ ಸುದ್ದಿ ಎತ್ತಿರಲಿಲ್ಲ.

ಅಪ್ಪಾಸಾಹೇಬ ಕಾಕಾ ಕಣ್ಣು ಮುಚ್ಚಿಕೊಂಡರು. ಶಾಂತಾಬಾಯಿ ಡಬ್ಬಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಮಂಚದ ಅಂಚಿಗೆ ಕೂತು, ಬಗ್ಗಿ, ಬೀಗತಿಯ ಕಿವಿಯ ಹತ್ತಿರ ಕೇಳಿದರು.

"ನಿಮ್ಮವೂ ಹಾಕಿದ್ವೇನ್ರಿ?"

ಅಕ್ಕಾತಾಯಿ ಅವರ ಮುಖ ನೋಡಿದರು. "ನಿಮ್ಮವೂ ಅಂದ್ರ?"

"ನಮ್ಮದೂ ಹಂಗ ಆಗೈತ್ರಿ. ನಿಮ್ಮ ಮುಂದ ಹೆಂಗ ಹೇಳೂದು? ಮಗಳನ ಎಂಥಾ ಮನೀಗಿ ಕೊಟ್ವಿ ಅಂತೀರಂತ ಬಾಯಿ ಮುಚಗೊಂಡ ಕುಂತೀವಿ. ನನಗೂ ಸಂಜಿಕ ಜ್ವರ ಬರತಾವ. ಮಗಾ ಕೇಳಿದ್ರ ಆರಾಮ ಅಂತೀನಿ."

ಅಕ್ಕಾತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಶಾಂತಾಬಾಯಿಗೂ ನಗು ಹತ್ತಿತು. ಬೀಗತಿಯರಿಬ್ಬರೂ ಒಂದೇ ಮಂಚದ ಮೇಲೆ ಕೂತು, ಮದುವೆಯಾದಾಗಿನಿಂದ ಮುಚ್ಚಿಟ್ಟ ಕಷ್ಟಗಳನ್ನೆಲ್ಲ ಒಂದೊಂದಾಗಿ ತೆಗೆದರು. ಕೊನೆಗೆ ಅಕ್ಕಾತಾಯಿ ವೈದೇಹಿಯನ್ನು ಕರೆದು, "ಡಾಕ್ಟರ ಬಾಯಾರ, ಇವರದೂ ಬರಕೋರಿ" ಎಂದರು. ನಾನು ಪೆನ್ನು ತೆಗೆದೆ. "ನೀ ಬ್ಯಾಡವಾ" ಎಂದರು.

ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಮೊದಲು ಬೈದರು, ಸರಿಯಾಗಿಯೇ ಬೈದರು. "ಪೇಷಂಟಿನ ಮಾತು ಪೇಷಂಟಿಂದು. ನಿಮ್ಮವ್ವಂದಲ್ಲ. ಇವತ್ತ ನಶೀಬ ಛಲೋ ಇತ್ತು. ಎಲ್ಲಾ ದಿನಾ ಹಿಂಗ ಇರೂದಿಲ್ಲ." ನಾನು ತಲೆ ತಗ್ಗಿಸಿ ನಿಂತೆ. ಆಮೇಲೆ ಅವರ ಮೀಸೆಯ ಅಂಚು ಅಲುಗಿತು. "ಮುಂದಿದ್ದ ಪೇಷಂಟಿನ ರೋಗ ನಿನಗ ಸಿಗಲಿಲ್ಲ. ಫೋನಿನ ಮ್ಯಾಲ ಉಗಾರದಿಂದ ಇನ್ನೊಂದು ಪೇಷಂಟ್ ತರಿಸಿದಿ. ಇಂಥಾ ಸ್ಟೂಡೆಂಟ್ ನನಗ ಸಿಕ್ಕಿರಲಿಲ್ಲ."

ಇಬ್ಬರ ರಕ್ತದಲ್ಲೂ ಅದೇ ರೋಗ ಸಿಕ್ಕಿತು. ಸುನಂದಾಳ ರಕ್ತದಲ್ಲಿ ಏನೂ ಇರಲಿಲ್ಲ. ಆ ವರದಿ ಬಂದ ದಿನ ನಾನು ಕಾರಿಡಾರಿನ ಗೋಡೆಗೆ ಒರಗಿ ಅತ್ತುಬಿಟ್ಟೆ, ವೈದೇಹಿ ಕರವಸ್ತ್ರ ಕೊಟ್ಟಳು. ಎರಡೂ ಊರಿನ ಕೊಟ್ಟಿಗೆಗಳಿಗೆ ದನದ ಡಾಕ್ಟರು ಹೋಗಿ ಬಂದರು. ವಾರಗಟ್ಟಲೆ ಮಾತ್ರೆ ನುಂಗಿ ಬೀಗತಿಯರು ಚೇತರಿಸಿಕೊಂಡರು. ಸುನಂದಾ ಜುಗೂಳದಲ್ಲೇ ಬಾಣಂತನ ಮಾಡಿಸಿಕೊಂಡಳು. ಮಗಳನ್ನು ನೋಡಿಕೊಳ್ಳಲು ಅವ್ವನ ಜೊತೆ ಅತ್ತೆಯೂ ಬಂದು ಇದ್ದರಂತೆ. ಹೆಣ್ಣು ಕೂಸು, ಆರೋಗ್ಯವಾಗಿದೆ.

ವಾರ್ಡಿನಲ್ಲಿದ್ದಷ್ಟು ದಿನವೂ ನಮ್ಮ ಬ್ಯಾಚಿನ ಎಲ್ಲರೂ ಸಾಲಾಗಿ ಬಂದು ಅಕ್ಕಾತಾಯಿಯವರ ಹೊಟ್ಟೆ ಒತ್ತಿ, ಜ್ವರಕ್ಕೆ ಊದಿದ ಗುಲ್ಮ, ಅಂದರೆ ಸ್ಪ್ಲೀನ್, ಎಲ್ಲಿದೆ ಎಂದು ಹುಡುಕುತ್ತಿದ್ದೆವು. ನೋಯುತ್ತಿತ್ತು, ನಮಗೆ ಗೊತ್ತಿತ್ತು. "ಒತ್ತರಿ, ಕಲೀರಿ. ಮುಂದ ಯಾರಿಗರೆ ಉಪಯೋಗ ಆಗತೈತಿ" ಎನ್ನುತ್ತಿದ್ದರು. ಡಿಸ್ಚಾರ್ಜ್ ಆಗುವ ದಿನ ನಾನು ಅವರ ಕಾಲು ಮುಟ್ಟಿ ತಪ್ಪಾಯಿತು ಎಂದೆ. "ನೀ ಬಾಯಿ ತಪ್ಪಿ ಅನ್ನದಿದ್ರ ನಾವಿಬ್ಬರೂ ಆರಾಮ ಅನಕೋತನ ಹೋಗಿಬಿಡತಿದ್ವಿ" ಎಂದು ತಲೆ ನೇವರಿಸಿದರು. ಆ ಕೈಗೆ, ಆ ಹೊಟ್ಟೆಗೆ, ಆ ತಾಳ್ಮೆಗೆ ನಾನು ಋಣಿ. ಮೈಸೂರಿನಿಂದ ಬಂದು ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನುವ ನನ್ನ ಗೆಳತಿಗೂ ಅಷ್ಟೇ ಋಣಿ. ಪುಸ್ತಕ ಕಲಿಸದ್ದನ್ನು ಇವರೆಲ್ಲ ಕಲಿಸಿದರು, ಅದೂ ನನ್ನನ್ನು ಓಡಿಸದೆ.

ಈಗ ಚಿಕ್ಕೋಡಿ, ಅಥಣಿ, ಕಾಗವಾಡದ ಪೇಷಂಟ್ ಬಂದರೆ ಸರ್ ಮೊದಲು ನನ್ನನ್ನು ವಾರ್ಡಿನಿಂದ ಹೊರಗೆ ಕಳಿಸುತ್ತಾರೆ. ಆಮೇಲೆ ವೈದೇಹಿ ಒಳಗೆ ಹೋಗುತ್ತಾಳೆ. ನನಗೇನೂ ಬೇಸರವಿಲ್ಲ. ಆದರೂ ಕಲಿಯುವ ಆಸೆ ಸಾಯಬೇಕಲ್ಲ. ಮೊನ್ನೆ ಹೊರಗಿನ ಬೆಂಚಿನ ಮೇಲೆ ಒಬ್ಬ ಅಜ್ಜ ಎದೆ ಹಿಡಿದುಕೊಂಡು ಕೆಮ್ಮುತ್ತ ಕೂತಿದ್ದರು. ನಾನು ಮೆಲ್ಲಗೆ ಪಕ್ಕದಲ್ಲಿ ಕೂತೆ. ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದೆ. ಕಫದಲ್ಲಿ ರಕ್ತ ಬರುತ್ತದೆ ಎಂದು ತಾವಾಗಿಯೇ ಹೇಳಿದರು. ಜ್ವರ, ಬೆವರು, ತೂಕ ಇಳಿದದ್ದು, ಎಲ್ಲಾ ಹೇಳುತ್ತ ಹೋದರು. ನನ್ನ ಪೆನ್ನು ಓಡುತ್ತಿತ್ತು. ಕೊನೆಗೂ ಕಲಿತೆ ಎಂದುಕೊಳ್ಳುವಷ್ಟರಲ್ಲಿ ಅಜ್ಜ ನನ್ನ ಮುಖ ನೋಡಿ ಊರು ಯಾವುದೆಂದು ಕೇಳಿದರು.

ನಾನು ಸಿದ್ಧಳಾಗಿಯೇ ಇದ್ದೆ. ಕಣ್ಣು ಮಿಟುಕಿಸದೆ, "ಮೈಸೂರ್ರಿ" ಎಂದೆ.

"ಸುಳ್ಳ ಹೇಳಬ್ಯಾಡವಾ" ಎಂದರು ಅಜ್ಜ. "ನಮ್ಮ ಮೊಮ್ಮಗನಿಗೆ ಹೆಣ್ಣ ನೋಡಾಕ ಹ್ವಾದ ವಾರ ಉಗಾರಕ್ಕ ಹೋಗಿದ್ವಿ. ನೀ ನಮಗ ಚಾ ತಂದ ಕೊಟ್ಟಾಕಿ ಅಲ್ಲೇನು, ಹುಡುಗೀ ಕಾಕಾನ ಮಗಳು?"

ಎಂದವರೇ ನೆಟ್ಟಗೆ ಕೂತು, ತಲೆಗೆ ಸುತ್ತಿದ ಪಟಗಾ ಸರಿಪಡಿಸಿಕೊಂಡು, ಅಲ್ಲಿಯವರೆಗೆ ಬಿಡದೆ ಬರುತ್ತಿದ್ದ ಕೆಮ್ಮನ್ನು ಪೂರ್ತಿ ನಿಲ್ಲಿಸಿಬಿಟ್ಟರು. ನಾನು ಎದ್ದು ಹೋಗಿ ವೈದೇಹಿಯನ್ನು ಕರೆದೆ.